ಬೆಟ್ಟ ಅಗೆದು ಇಲಿ ಹಿಡಿಯುವ ವಿದ್ಯೆ

ಪಟ್ಟ ಶ್ರಮಕ್ಕೆ ತಕ್ಕ ಫಲ ದೊರೆಯದಿದ್ದಾಗ ‘ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು’ ಎನ್ನುವುದು ನಮ್ಮಲ್ಲಿ ರೂಢಿ. ಈ ಗಾದೆಯನ್ನು ಕಟ್ಟಿದ ಹಿರಿಯರಿಗೆ ಪುರಾತತ್ತ್ವಜ್ಞರ ಪರಿಚಯ ಇದ್ದಂತೆ ತೋರುವುದಿಲ್ಲ. ಹಳೆಯ ಊರೊಂದರ ದಿಬ್ಬವನ್ನು ತಿಂಗಳುಗಟ್ಟಲೆ ಅಗೆದು, ಕೊನೆಗೆ ಒಂದು ಇಲಿಯ ದವಡೆ ಸಿಕ್ಕಿದರೂ ಹಿಗ್ಗುವ ಜನ ಅವರು. ಇಲಿಯಿದ್ದಲ್ಲಿ ಕಾಳು ಇದ್ದಿರಬೇಕು. ಕಾಳು ಕೂಡಿಟ್ಟಲ್ಲಿ ಕಣಜವಿದ್ದಿರಬೇಕು. ಕಣಜವಿದ್ದಲ್ಲಿ ಅಲೆಮಾರಿಗಳಲ್ಲ, ನೆಲೆನಿಂತ ಒಕ್ಕಲು ಮಕ್ಕಳು ಬಾಳಿರಬೇಕು. ಒಂದು ಇಲಿಯ ಬೆನ್ನು ಹತ್ತಿ ಒಂದು ಊರಿನ ಬಾಳನ್ನೇ ಹಿಡಿಯಬಹುದು. ಆದರೆ ಪಳಗಿದವನು ಅಷ್ಟಕ್ಕೇ ನಿಲ್ಲುವುದಿಲ್ಲ. ‘ಈ ಇಲಿ ಆ ಕಾಲದ್ದೋ, ಅಥವಾ ಮೊನ್ನೆ ಮೊನ್ನೆ ಮೇಲಿನಿಂದ ಬಿಲ ತೋಡಿಕೊಂಡು ಹೋಗಿ ಕೆಳಗೆ ಸತ್ತದ್ದೋ?’ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಪುರಾತತ್ತ್ವ ಶಾಸ್ತ್ರದ ಶಿಕ್ಷಣವೆಂದರೆ ಬಹುಮಟ್ಟಿಗೆ ಈ ಎರಡನೆಯ ಪ್ರಶ್ನೆಯನ್ನು ಕೇಳಲು ಕಲಿಯುವುದೇ ಆಗಿದೆ.

ಮಗನೋ ಮಗಳೋ ಈ ಶಾಸ್ತ್ರದಲ್ಲಿ ಎಂ.ಎ. ಓದುತ್ತೇನೆಂದರೆ ಮನೆಯಲ್ಲಿ ಹಿರಿಯರ ಮುಖ ಸಣ್ಣದಾಗುವುದು ಸಹಜ. ‘ಕಲ್ಲು ಮಣ್ಣು ಓದಿ ಹೊಟ್ಟೆ ತುಂಬೀತೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದು ತಾತ್ಸಾರ ಮಾಡತಕ್ಕ ಪ್ರಶ್ನೆಯಲ್ಲ. ಈ ವಿದ್ಯೆ ಎಂಥದು, ನಮ್ಮ ನಾಡಿನಲ್ಲಿ ಅದು ಹೇಗೆ ಬೆಳೆಯಿತು, ಕಲಿತವನ ಕೈಗೆ ಏನು ಬರುತ್ತದೆ ಎಂಬುದನ್ನು ಕೊಂಚ ವಿಚಾರ ಮಾಡಿ ಆ ಮೇಲೆ ಉತ್ತರ ಕೊಡುವುದು ಲೇಸು.

ವಿಚಾರಕ್ಕೆ ಒಂದು ನೆಲೆ ಬೇಕಷ್ಟೆ. ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯನ್ನೇ ಇಟ್ಟುಕೊಳ್ಳೋಣ. ತುಂಗಭದ್ರೆಯ ಆಸುಪಾಸಿನ ಹೋಬಳಿ ಊರು ಇದು. ಅಲ್ಲಿಂದ ಒಬ್ಬ ಯುವಕ ಈ ಶಾಸ್ತ್ರವನ್ನು ಕಲಿಯಲು ಹೊರಟನೆನ್ನೋಣ. ತನ್ನ ಸೀಮೆಯ ಶಾಸನಗಳನ್ನು ಹುಡುಕಲು ಕುಳಿತ ಮೊದಲ ದಿನವೇ ಅವನಿಗೆ ಒಂದು ಪಾಠವಾಗುತ್ತದೆ. ಅವನ ಜಿಲ್ಲೆ ದಾವಣಗೆರೆ. ಆದರೆ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ದಾವಣಗೆರೆ ಜಿಲ್ಲೆಯ ಸಂಪುಟವೆಂದು ಹುಡುಕಿದರೆ ಬಿ. ಎಲ್. ರೈಸರ ಹಳೆಯ ಮಾಲೆಯಲ್ಲಿ ಸಿಕ್ಕುವುದಿಲ್ಲ. ಹೊನ್ನಾಳಿ, ಚನ್ನಗಿರಿಗಳ ಶಾಸನಗಳು 1902ರಲ್ಲಿ ಹೊರಬಿದ್ದ ಏಳನೆಯ ಸಂಪುಟದಲ್ಲಿ, ಶಿವಮೊಗ್ಗ ಜಿಲ್ಲೆಯ ಹೆಸರಿನಲ್ಲಿವೆ. ಜಗಳೂರಿನವು ಚಿತ್ರದುರ್ಗದ ಹನ್ನೊಂದನೆಯ ಸಂಪುಟದಲ್ಲಿವೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಇನ್ನೂ ಈಚೆಗೆ. ನಕ್ಷೆಯ ಗೆರೆಗಳು ಸರಕಾರಗಳೊಡನೆ ಬದಲಾಗುತ್ತವೆ; ನೂರು ವರ್ಷದಲ್ಲೇ ಹೀಗಾದರೆ ಸಾವಿರ ವರ್ಷಗಳ ಹಿಂದಿನ ನಾಡು, ವಿಷಯ, ಕಂಪಣಗಳ ಎಲ್ಲೆಗಳನ್ನು ಎಷ್ಟು ಎಚ್ಚರದಿಂದ ಗುರುತಿಸಬೇಕು ಎಂಬುದು ಅವನಿಗೆ ತಾನಾಗಿ ಮನದಟ್ಟಾಗುತ್ತದೆ.

ಪ್ರಾಚೀನತೆಯನ್ನು ಅರಸಿ ಅವನು ಈಜಿಪ್ಟಿಗೆ ಹೋಗಬೇಕಾಗಿಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಚಿನ್ನದ ನೆಲವನ್ನು ಪರೀಕ್ಷಿಸುತ್ತ ಮೈಸೂರು ಸೀಮೆಯಲ್ಲಿ ತಿರುಗಾಡಿದಾಗ ಕಲ್ಲಿನ ಆಯುಧಗಳನ್ನೂ ಆರಿಸಿಕೊಂಡ. ಅವು ದೊರೆತ ಸ್ಥಳಗಳಲ್ಲಿ ನ್ಯಾಮತಿಯೂ ಒಂದು. ಹೊನ್ನಾಳಿಯಿಂದ ಹೊಳೆಯ ಜೊತೆಯಲ್ಲೇ ಕೆಳಕ್ಕೆ ಸಾಗಿದರೆ ಎಡದಂಡೆಯಲ್ಲಿ, ಈಗಿನ ಹಾವೇರಿ ಜಿಲ್ಲೆಯಲ್ಲಿ, ಹಳ್ಳೂರು ಇದೆ. ಪಕ್ಕದ ಶಿಕಾರಿಪುರ ತಾಲ್ಲೂಕಿನಲ್ಲಿ ಕದಂಬರ ತಾಳಗುಂದ. ಜಗಳೂರಿನಿಂದ ಮೂಡಣಕ್ಕೆ ಹೋದರೆ ಮೊಳಕಾಲ್ಮೂರಿನ ಬ್ರಹ್ಮಗಿರಿ. ಈ ಮೂರೂ ಹೆಸರುಗಳು ಭಾರತದ ಪುರಾತತ್ತ್ವದಲ್ಲಿ ದೊಡ್ಡ ಹೆಸರುಗಳೇ.

ಈ ವಿದ್ಯೆ ನಮ್ಮಲ್ಲಿ ಕಾಲೇಜಿನ ಕೋಣೆಯಲ್ಲಿ ಹುಟ್ಟಿದ್ದಲ್ಲ, ಎತ್ತಿನ ಗಾಡಿಯ ದಾರಿಯಲ್ಲಿ ಹುಟ್ಟಿದ್ದು. ರೈಸರು ಹಳ್ಳಿಹಳ್ಳಿಗಳಿಂದ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಕಲೆಹಾಕಿ ಅಚ್ಚುಮಾಡಿಸಿದರು. 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಅವರು ಬೆಳಕಿಗೆ ತಂದಾಗ ಕನ್ನಡ ನಾಡಿನ ಲಿಖಿತ ಚರಿತ್ರೆ ಒಂದೇ ನೆಗೆತಕ್ಕೆ ಕ್ರಿ.ಪೂ. ಮೂರನೆಯ ಶತಮಾನಕ್ಕೆ ಹಿಂದೆ ಸರಿಯಿತು. ಪ್ರಾಕೃತದ ಆ ಬರಹವನ್ನು ಬ್ರಾಹ್ಮಿಯಲ್ಲಿ ಬರೆದು ಮುಗಿಸಿದ ಚಪಡನೆಂಬ ಲಿಪಿಕಾರ, ತನ್ನ ವೃತ್ತಿಯನ್ನು ಹೇಳುವ ಕೊನೆಯ ಮಾತನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಎಲ್ಲಿಯ ಗಾಂಧಾರ, ಎಲ್ಲಿಯ ಮೊಳಕಾಲ್ಮೂರು! ಆ ಒಂದು ಮಾತಿನಿಂದ ಗುಮಾಸ್ತನೊಬ್ಬನ ದೀರ್ಘ ಪ್ರಯಾಣ ನಮ್ಮ ಕಣ್ಣಿಗೆ ಕಟ್ಟುತ್ತದೆ. ಲಿಪಿ ಬಲ್ಲವನಿಗೆ ಮಾತ್ರ ಕಾಣುವ ನೋಟವಿದು.

ರೈಸರ ತರುವಾಯ ಬಂದ ಆರ್. ನರಸಿಂಹಾಚಾರ್ಯರಿಗೆ ‘ಪ್ರಾಕ್ತನವಿಮರ್ಶ ವಿಚಕ್ಷಣ’ ಎಂಬ ಬಿರುದಿತ್ತು; ವಿಮರ್ಶೆ ಮತ್ತು ವಿಚಕ್ಷಣೆ, ಈ ಕಸಬಿಗೆ ಬೇಕಾದ ಗುಣಗಳೆರಡೂ ಅದರಲ್ಲಿ ಅಡಗಿವೆ. ಆರ್. ಶಾಮಾಶಾಸ್ತ್ರಿಗಳ ಬಳಿಕ ಇಲಾಖೆಯ ಹೊಣೆ ಹೊತ್ತ ಎಂ. ಎಚ್. ಕೃಷ್ಣ ಅವರು ಲಂಡನ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ ಬಂದವರು. 1929ರಲ್ಲಿ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆತ ನಡೆಸಿದರು. ಕದಂಬ ಮಯೂರಶರ್ಮನು ಕೆರೆ ಕಟ್ಟಿಸಿದ ಸಂಗತಿಯ ಪ್ರಾಕೃತ ಶಾಸನವನ್ನು ಬಂಡೆಯ ಮೇಲೆ ಗುರುತಿಸಿದರು. 1936ರಲ್ಲಿ ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದವರೂ ಅವರೇ. ಆ ತಲೆಮಾರಿನಲ್ಲಿ ಶಿಷ್ಯರಾದವರಿಗೆ ಪಠ್ಯಪುಸ್ತಕವೆಂದರೆ ಇಲಾಖೆಯ ವಾರ್ಷಿಕ ವರದಿಗಳು, ಪಾಠಶಾಲೆಯೆಂದರೆ ಬಯಲು.

ಬಯಲಿನ ಪಾಠಕ್ಕೆ ಕಟ್ಟುನಿಟ್ಟಾದ ಶಿಸ್ತನ್ನು ತಂದದ್ದು ಮಾರ್ಟಿಮರ್ ವೀಲರ್. 1944ರಲ್ಲಿ ಭಾರತದ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರಾಗಿ ಬಂದ ಈ ಸೈನ್ಯಾಧಿಕಾರಿ ಅದೇ ವರ್ಷ ತಕ್ಷಶಿಲೆಯಲ್ಲಿ ಯುವಕರಿಗೆ ಅಗೆತದ ಶಾಲೆಯನ್ನು ತೆರೆದರು. 1945ರಲ್ಲಿ ಪಾಂಡಿಚೇರಿಯ ಬಳಿಯ ಅರಿಕಮೇಡು, 1947ರಲ್ಲಿ ನಮ್ಮ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿ. ನೆಲವನ್ನು ಚೌಕಗಳಾಗಿ ಗುರುತಿಸಿ, ಚೌಕ ಚೌಕದ ನಡುವೆ ಅಗೆಯದ ಗೋಡೆಯನ್ನು ಉಳಿಸಿ, ಆ ಗೋಡೆಯ ಮೈಯಲ್ಲಿ ಕಾಣುವ ಮಣ್ಣಿನ ಪದರಗಳನ್ನು ಒಂದೊಂದಾಗಿ ಓದಿ, ಒಂದೊಂದು ಪದರದ ಮಡಕೆ ಚೂರನ್ನೂ ಬೇರೆಬೇರೆಯಾಗಿ ಇಡುವ ಕ್ರಮ ಅವರದು. ತಳದಲ್ಲಿ ನಯಗೊಳಿಸಿದ ಕಲ್ಲುಕೊಡಲಿಯವರ ಬದುಕು, ಅದರ ಮೇಲೆ ಕಬ್ಬಿಣ ಬಲ್ಲ ಬೃಹತ್ ಶಿಲಾ ಗೋರಿಗಳವರದು, ಮತ್ತೂ ಮೇಲೆ ಶಾತವಾಹನರ ಕಾಲದವರದು. ಹೀಗೆ ಬ್ರಹ್ಮಗಿರಿಯ ದಿಬ್ಬ ಮೂರು ಅಧ್ಯಾಯಗಳ ಪುಸ್ತಕವಾಯಿತು.

ಅಧ್ಯಾಯಗಳಿಗೆ ಇಸವಿ ಹಾಕಿದ್ದು ಹೇಗೆ? ಮೇಲಿನ ಪದರದ ಕೆಲವು ಮಡಕೆಗಳು ಅರಿಕಮೇಡಿನಲ್ಲಿ ರೋಮನ್ ಸಾಮಗ್ರಿಗಳ ಜೊತೆ ಸಿಕ್ಕಂಥವು. ಚಂದ್ರವಳ್ಳಿಯಲ್ಲಿ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯವೂ ಸಾಕ್ಷಿ ಹೇಳಿತು. ಅಲ್ಲಿಗೆ ಕ್ರಿಸ್ತಶಕದ ಮೊದಲ ಶತಮಾನ ಖಚಿತವಾಯಿತು. ಅಲ್ಲಿಂದ ಕೆಳಗಿನ ಪದರಗಳಿಗೆ ವೀಲರ್ ಅಂದಾಜಿನಿಂದ ಕಾಲ ಕೊಟ್ಟರು, ಕಲ್ಲುಕೊಡಲಿಯವರನ್ನು ಕ್ರಿ.ಪೂ. ಮೊದಲನೆಯ ಸಹಸ್ರಮಾನದಲ್ಲಿ ಇಟ್ಟರು. ಮುಂದೆ ಇದ್ದಿಲಿನಲ್ಲಿ ಉಳಿದ ಇಂಗಾಲವನ್ನು ಅಳೆದು ವಯಸ್ಸು ಹೇಳುವ ವಿಧಾನ ಬಂದಾಗ ದಕ್ಷಿಣದ ನವಶಿಲಾಯುಗದ ಆರಂಭ ಕ್ರಿ.ಪೂ. ಮೂರನೆಯ ಸಹಸ್ರಮಾನದವರೆಗೂ ಹಿಂದೆ ಹೋಯಿತು. ಅಂದರೆ ವೀಲರರ ಲೆಕ್ಕ ಸಾವಿರ ವರ್ಷಕ್ಕೂ ಮೀರಿ ತಪ್ಪಿತು. ಹಾಗಿದ್ದೂ ಬ್ರಹ್ಮಗಿರಿಯ ವರದಿಯನ್ನು ಇಂದಿಗೂ ವಿದ್ಯಾರ್ಥಿಗಳು ಓದುತ್ತಾರೆ. ಇಸವಿ ಬಿದ್ದುಹೋಯಿತು, ಪದರಗಳ ಅನುಕ್ರಮ ನಿಂತಿತು. ಕಂಡದ್ದನ್ನು ಒಂದು ಕಡೆ, ಊಹಿಸಿದ್ದನ್ನು ಒಂದು ಕಡೆ ಬರೆದಿಟ್ಟದ್ದರಿಂದ ಊಹೆಯನ್ನು ಕಳಚಿ ಹಾಕಿದರೂ ಕಂಡದ್ದಕ್ಕೆ ಊನವಾಗಲಿಲ್ಲ. ಈ ವಿದ್ಯೆಯ ನೀತಿ ಇದರಲ್ಲಿದೆ.

ಸಾಸ್ವೆಹಳ್ಳಿಗೆ ಇನ್ನೂ ಸಮೀಪದ ನಿದರ್ಶನ ಹಳ್ಳೂರಿನದು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಎಚ್. ಡಿ. ಸಂಕಾಲಿಯಾ ಅವರ ಬಳಿ ಸಂಶೋಧನೆ ಮಾಡಿದ ಎಂ. ಎಸ್. ನಾಗರಾಜ ರಾವ್ ಅವರು 1964–65ರಲ್ಲಿ ಅಲ್ಲಿ ಅಗೆತ ನಡೆಸಿದರು. ಕಲ್ಲುಕೊಡಲಿಯ ಕಾಲ ಮುಗಿದು ಕಬ್ಬಿಣದ ಕಾಲ ಮೊದಲಾಗುವ ಸಂಧಿಯ ಪದರಗಳು ಅಲ್ಲಿ ದೊರೆತವು. ಇದ್ದಿಲನ್ನು ಮುಂಬಯಿಯ ಟಾಟಾ ಸಂಸ್ಥೆಯ ಪ್ರಯೋಗಶಾಲೆಗೆ ಕಳುಹಿಸಿದಾಗ ಕಬ್ಬಿಣದ ಪದರಕ್ಕೆ ಕ್ರಿ.ಪೂ. 1000ದ ಆಸುಪಾಸಿನ ಕಾಲ ಬಂತು. ಕಬ್ಬಿಣ ದಕ್ಷಿಣಕ್ಕೆ ಬಹಳ ತಡವಾಗಿ ಬಂತೆಂಬ ಹಳೆಯ ನಂಬಿಕೆ ಇದರಿಂದ ಅಲುಗಿತು. ಅಲ್ಲಿಯ ಪ್ರಾಣಿಗಳ ಮೂಳೆಗಳನ್ನು ಪರೀಕ್ಷಿಸಿದವರು ಚರಿತ್ರಕಾರರಲ್ಲ, ಪಶುವೈದ್ಯರಾದ ಕೆ. ಆರ್. ಆಲೂರರು. ಅವುಗಳಲ್ಲಿ ಕುದುರೆಯ ಮೂಳೆಯೂ ಇದೆಯೆಂದು ಅವರು ಹೇಳಿದ್ದೇ ತಡ, ದಕ್ಷಿಣಕ್ಕೆ ಕುದುರೆ ಯಾವಾಗ ಬಂತು, ಯಾರೊಡನೆ ಬಂತು ಎಂದು ದೊಡ್ಡ ವಾಗ್ವಾದವೇ ನಡೆಯಿತು. ದನದ ಕೊಟ್ಟಿಗೆಯಲ್ಲಿ ಕಲಿತ ವಿದ್ಯೆ ಚರಿತ್ರೆಯ ದೊಡ್ಡ ಪ್ರಶ್ನೆಗೆ ಹೀಗೆ ನೆರವಾಗುತ್ತದೆ. ನಾಗರಾಜ ರಾವ್ ಅವರು ಮುಂದೆ ಕರ್ನಾಟಕದ ಪುರಾತತ್ತ್ವ ನಿರ್ದೇಶಕರಾಗಿ, 1984ರಿಂದ 1987ರವರೆಗೆ ಇಡೀ ಭಾರತದ ಇಲಾಖೆಯ ಮಹಾನಿರ್ದೇಶಕರಾಗಿದ್ದರು. ಅವರ ಆ ಏಳಿಗೆಗೆ ಮೊದಲ ಮೆಟ್ಟಿಲುಗಳಲ್ಲಿ ಒಂದು ಹೊನ್ನಾಳಿಯ ಹೊಳೆಯ ಕೆಳಗಿನ ಈ ಮಣ್ಣು.

ಈಗ ನಮ್ಮ ಯುವಕ ಏನು ಕಲಿಯುತ್ತಾನೆಂಬುದನ್ನು ನೋಡೋಣ. ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೋ, ಧಾರವಾಡದಲ್ಲಿಯೋ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿಯೋ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿಯೋ ಅವನ ವ್ಯಾಸಂಗ. ಆ ಮೇಲೆ ಹೆಚ್ಚಿನ ತರಬೇತಿ ಬೇಕೆಂದರೆ ಕೇಂದ್ರದ ಪುರಾತತ್ತ್ವ ಸಂಸ್ಥೆಯ ಎರಡು ವರ್ಷದ ಡಿಪ್ಲೊಮಾ ಇದೆ. 1959ರಲ್ಲಿ ದೆಹಲಿಯಲ್ಲಿ ಶಾಲೆಯೆಂದು ಆರಂಭವಾದ ಇದು ಈಗ ಗ್ರೇಟರ್ ನೋಯ್ಡಾದಲ್ಲಿದೆ. ಪುಸ್ತಕದಲ್ಲಿ ರಾಜವಂಶ, ಶಿಲ್ಪ, ನಾಣ್ಯ, ಲಿಪಿ, ಕಾಯಿದೆ ಇವೆಲ್ಲ ಉಂಟು. ಆದರೆ ನಿಜವಾದ ಪರೀಕ್ಷೆ ಬಯಲಿನಲ್ಲಿ.

ಮೊದಲನೆಯದು ಹುಡುಕಾಟ. ಸರ್ವೇ ನಕ್ಷೆಯನ್ನೂ ಗ್ರಾಮದ ಕಂದಾಯ ನಕ್ಷೆಯನ್ನೂ ಹಿಡಿದು ಹೊಲಹೊಲ ಸುತ್ತಬೇಕು. ಕಂದಾಯದ ಕಡತದಲ್ಲಿ ಜನವಸತಿ ಇಲ್ಲದ ‘ಬೇಚರಾಕ್’ ಗ್ರಾಮವೆಂದು ಬರೆದಿದ್ದರೆ ಅವನ ಕಿವಿ ನಿಮಿರಬೇಕು. ‘ಹಾಳೂರು’, ‘ಊರದಿಬ್ಬ’, ‘ಪಾಂಡವರ ಮನೆ’, ‘ಮೋರೇರ ಮನೆ’ ಎಂದು ಹಳ್ಳಿಯವರು ಕರೆಯುವ ಕಡೆಗಳಲ್ಲಿ ಹಳೆಯ ನೆಲೆಯೋ ಶಿಲಾಗೋರಿಯೋ ಇರುವ ಸಂಭವ ಹೆಚ್ಚು. ಮಳೆ ಬಿದ್ದು ಉತ್ತ ಹೊಲದಲ್ಲಿ ಮಡಕೆಯ ಬೋಕಿ ಕಂಡರೆ ಕೈಗೆತ್ತಿಕೊಂಡು, ಒಳಗೆ ಕಪ್ಪು ಹೊರಗೆ ಕೆಂಪೋ, ತಿಗುರಿಯಲ್ಲಿ ಮಾಡಿದ್ದೋ ಕೈಯಲ್ಲಿ ತಟ್ಟಿದ್ದೋ ಎಂದು ನೋಡಬೇಕು. ಸೂಳೆಕೆರೆಗೆ ಹೋದರೆ ಶಾಂತವ್ವೆಯ ಕಥೆಯನ್ನು ಊರವರು ಹೇಳುತ್ತಾರೆ. ಅದನ್ನು ಭಕ್ತಿಯಿಂದ ಕೇಳಿ ಬರೆದುಕೊಳ್ಳಬೇಕು. ಜೊತೆಗೆ ಏರಿಯ ಕಲ್ಲುಕಟ್ಟಡವನ್ನು ಅಳೆದೂ ಬರಬೇಕು. ಐತಿಹ್ಯವನ್ನು ಜರೆಯುವವನಿಗೆ ಹಳ್ಳಿ ಬಾಯಿ ಬಿಡುವುದಿಲ್ಲ. ಐತಿಹ್ಯವನ್ನೇ ಚರಿತ್ರೆಯೆನ್ನುವವನಿಗೆ ಕಲ್ಲು ಬಾಯಿ ಬಿಡುವುದಿಲ್ಲ.

ಎರಡನೆಯದು ಶಾಸನದ ಅಚ್ಚು ತೆಗೆಯುವುದು. ಎಣ್ಣೆ ಸುಣ್ಣ ಬಳಿದು ಅಕ್ಷರ ಮುಚ್ಚಿಹೋದ ಕಲ್ಲನ್ನು ನೀರು ಹಾಕಿ ಕುಂಚದಿಂದ ಉಜ್ಜಿ ತೊಳೆದು, ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹಾಸಿ, ಅಕ್ಷರದ ಗುಳಿಗಳಿಗೆ ಕಾಗದ ಇಳಿಯುವಂತೆ ಕುಂಚದಿಂದ ಬಡಿಯಬೇಕು. ತೇವ ತಕ್ಕಷ್ಟು ಆರಿದಾಗ ಮಸಿಯ ಉಂಡೆಯನ್ನು ಹಗುರವಾಗಿ ತಟ್ಟುತ್ತ ಹೋದರೆ ಕಪ್ಪು ನೆಲದಲ್ಲಿ ಬಿಳಿಯ ಅಕ್ಷರಗಳು ಅರಳುತ್ತವೆ. ತೇವ ಹೆಚ್ಚಾದರೆ ಮಸಿ ಹರಡುತ್ತದೆ, ಕಡಿಮೆಯಾದರೆ ಕಾಗದ ಎದ್ದುಬರುತ್ತದೆ, ಗಾಳಿ ಬೀಸಿದರೆ ಬೆಳಗಿನ ಕೆಲಸವೆಲ್ಲ ಹಾಳು. ರೊಟ್ಟಿ ತಟ್ಟುವವರ ಕೈಹದ ಇದಕ್ಕೂ ಬೇಕು. ತೆಗೆದ ಮೇಲೆ ಓದಲು ಹಳಗನ್ನಡ, ಸಂಸ್ಕೃತ, ಪ್ರಾಕೃತಗಳ ಪರಿಚಯ ಬೇಕು. ಕನ್ನಡ ಮನೆಮಾತಾದವನಿಗೆ ಇಲ್ಲಿ ಒಂದು ಹೆಜ್ಜೆ ಮುಂದೆಯೇ ಸ್ಥಾನ ಉಂಟು. ಕೇಂದ್ರದ ಮುಖ್ಯ ಶಾಸನತಜ್ಞರ ಕಚೇರಿ 1966ರಲ್ಲಿ ಉದಕಮಂಡಲದಿಂದ ಮೈಸೂರಿಗೇ ಬಂದಿದೆ.

ಮೂರನೆಯದು ಅಗೆತ. ಸಿನಿಮಾದಲ್ಲಿ ಕಾಣುವಂತೆ ಗುದ್ದಲಿಯೇಟಿಗೆ ಬಂಗಾರದ ವಿಗ್ರಹ ಏಳುವುದಿಲ್ಲ. ಗೂಟ, ದಾರ, ಕರಣೆ, ಕುಂಚ, ಜರಡಿ, ಅಳತೆ ಪಟ್ಟಿ ಇವೇ ಆಯುಧಗಳು. ಈಗ ಇವುಗಳ ಜೊತೆಗೆ ಟೋಟಲ್ ಸ್ಟೇಷನ್, ಡ್ರೋನ್‌ಗಳೂ ಸೇರಿವೆ. ಸೂರ್ಯ ಹುಟ್ಟುವಾಗ ಕೆಲಸ ಮೊದಲು. ಓರೆಯಾಗಿ ಬೀಳುವ ಬೆಳಕಿನಲ್ಲಿ ಮಣ್ಣಿನ ಬಣ್ಣದ ಭೇದ ಚೆನ್ನಾಗಿ ಕಾಣುತ್ತದೆ. ಒಂದು ಕಡೆ ಮಣ್ಣು ಮೆದುವಾದರೆ ಅದು ಕಂಬದ ಗುಳಿಯೋ, ಹಗೇವೋ, ನಮ್ಮ ಗಾದೆಯ ಇಲಿಯ ಬಿಲವೋ ಎಂದು ತೀರ್ಮಾನವಾಗುವವರೆಗೆ ಮುಂದಕ್ಕೆ ಹೋಗುವಂತಿಲ್ಲ. ಬೂದಿಮಣ್ಣನ್ನು ನೀರಿನಲ್ಲಿ ಕದಡಿ ತೇಲಿಸಿದರೆ ಕರಿಕಾದ ಕಾಳುಗಳು ಮೇಲೆ ಬರುತ್ತವೆ. ನವಶಿಲಾಯುಗದ ನಮ್ಮ ಜನ ಹುರುಳಿ, ಹೆಸರು, ಕೊರಲೆಗಳನ್ನು ಬೆಳೆಯುತ್ತಿದ್ದರೆಂದು ತಿಳಿದದ್ದು ಹೀಗೆಯೇ. ಸತ್ತ ಕೂಸನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದರೆಂದೂ, ಹೂತದ್ದು ಎಷ್ಟೋ ಕಡೆ ಮನೆಯ ನೆಲದ ಕೆಳಗೇ ಎಂದೂ ಅಗೆತಗಳಿಂದ ಗೊತ್ತಾಗಿದೆ. ಅರಸರ ಪ್ರಶಸ್ತಿ ಶಾಸನಗಳಲ್ಲಿ ಸಿಕ್ಕೀತು. ತಾಯಿಯೊಬ್ಬಳ ಸಂಕಟ ಸಿಕ್ಕುವುದು ಇಂಥ ಮಣ್ಣಿನಲ್ಲಿ. ಸಂಜೆ ಡೇರೆಗೆ ಬಂದ ಮೇಲೂ ಬಿಡುವಿಲ್ಲ. ಬೋಕಿಗಳನ್ನು ತೊಳೆದು, ಸಂಖ್ಯೆ ಬರೆದು, ಬಾಯಂಚಿನ ಆಕಾರವನ್ನು ಚಿತ್ರಿಸಿ, ದಿನದ ಟಿಪ್ಪಣಿ ಮುಗಿಸಿ ಮಲಗಬೇಕು. ಅಗೆದ ಪದರವನ್ನು ಮರಳಿ ಹಾಸಲು ಬರುವುದಿಲ್ಲ. ಬರೆಯದೆ ಬಿಟ್ಟದ್ದು ಇಲ್ಲದಂತೆಯೇ ಸರಿ. ವರದಿ ಹೊರಬಾರದ ಅಗೆತ ಬಾಡಿಗೆಗೆ ತಂದ ಪುಸ್ತಕವನ್ನು ಓದುತ್ತ ಓದುತ್ತ ಹರಿದು ಹಾಕಿದ ಹಾಗೆ.

ಇನ್ನು ಉದ್ಯೋಗದ ಮಾತು. ಕೇಂದ್ರ ಇಲಾಖೆ, ರಾಜ್ಯದ ಇಲಾಖೆ, ವಸ್ತುಸಂಗ್ರಹಾಲಯ, ಶಾಸನ ಶಾಖೆ, ಕಾಲೇಜಿನ ಅಧ್ಯಾಪಕತನ — ದಾರಿಗಳಿವೆ, ಆದರೆ ಸ್ಥಾನಗಳು ಕಡಿಮೆ, ಕಾಯುವವರು ಬಹಳ. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಹುರಿದುಂಬಿಸುವುದು ನ್ಯಾಯವಲ್ಲ. ಗುತ್ತಿಗೆಯ ಮೇಲೆ ವರ್ಷಗಟ್ಟಲೆ ದುಡಿಯುವವರೂ ಉಂಟು. ಆದರೆ ಈ ಶಿಕ್ಷಣ ಕೈಗೆ ಕೊಡುವ ಕೌಶಲಗಳು ಒಂದೇ ಕಚೇರಿಗೆ ಕಟ್ಟುಬಿದ್ದವಲ್ಲ. ನೆಲ ಅಳೆಯುವುದು, ನಕ್ಷೆ ಬರೆಯುವುದು, ಛಾಯಾಚಿತ್ರ ತೆಗೆಯುವುದು, ಪಟ್ಟಿ ಮಾಡಿ ಕಾಪಾಡುವುದು, ಕೂಲಿಯವರ ಲೆಕ್ಕ ಇಡುವುದು, ಅಪರಿಚಿತ ಊರಿನಲ್ಲಿ ಜನರ ವಿಶ್ವಾಸ ಗಳಿಸುವುದು, ಸಾಕ್ಷ್ಯಕ್ಕೆ ಮೀರಿ ಮಾತಾಡದಿರುವುದು ಇವೆಲ್ಲಕ್ಕೂ ಬೆಲೆಯುಂಟು. ದೇವಾಲಯಗಳ ಜೀರ್ಣೋದ್ಧಾರ, ಪ್ರವಾಸೋದ್ಯಮ, ಗ್ರಂಥ ಪ್ರಕಾಶನ, ಹಳೆಯ ದಾಖಲೆಗಳ ರಕ್ಷಣೆ, ಸ್ಮಾರಕಗಳ ಗಣತಿ ಮೊದಲಾದ ಕಡೆಗಳಲ್ಲಿ ಇಂಥವರು ಬೇಕು. ಮೈಸೂರಿನಲ್ಲಿ ಓದಿದ ಶಿಕಾರಿಪುರ ರಂಗನಾಥ ರಾವ್, ಎಂದರೆ ಜಗತ್ತು ಬಲ್ಲ ಎಸ್. ಆರ್. ರಾವ್, ಗುಜರಾತಿನಲ್ಲಿ ಲೋಥಲನ್ನು ಅಗೆದರು. ನಿವೃತ್ತಿಯ ವಯಸ್ಸು ದಾಟಿದ ಮೇಲೆ ದ್ವಾರಕೆಯ ಕಡಲಿನಲ್ಲಿ ಶೋಧನೆ ನಡೆಸಿ ನಮ್ಮ ದೇಶದಲ್ಲಿ ಸಮುದ್ರ ಪುರಾತತ್ತ್ವವೆಂಬ ಹೊಸ ಶಾಖೆಗೇ ಅಡಿಪಾಯ ಹಾಕಿದರು.

ಆದರೆ ಹೊಟ್ಟೆಯ ಪ್ರಶ್ನೆಯಷ್ಟೇ ತುರ್ತಿನ ಇನ್ನೊಂದು ಪ್ರಶ್ನೆ ಇದೆ. ಹಾಳೂರ ದಿಬ್ಬದ ಬೂದುಮಣ್ಣು ಒಳ್ಳೆಯ ಗೊಬ್ಬರವೆಂದು ರೈತರು ಗಾಡಿಯಲ್ಲಿ ಸಾಗಿಸುತ್ತಿದ್ದದ್ದು ಹಳೆಯ ಮಾತು. ಗಾಡಿ ಒಂದು ತಲೆಮಾರಿನಲ್ಲಿ ಕೊಂಡೊಯ್ಯುತ್ತಿದ್ದ ಮಣ್ಣನ್ನು ಈಗ ಜೆಸಿಬಿ ಒಂದು ವಾರದಲ್ಲಿ ಎತ್ತುತ್ತದೆ. ನೀರಾವರಿ ಬಂದಲ್ಲಿ ನೆಲ ಮಟ್ಟವಾಗುತ್ತದೆ, ಅಡಿಕೆಯ ತೋಟ ಏಳುತ್ತದೆ. ರೈತ ಬದುಕಬೇಡವೆ? ತೋಟ ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ನೆಲ ಮಟ್ಟವಾಗುವ ಮುನ್ನ ಒಬ್ಬ ಬಲ್ಲವನು ಬಂದು ನೋಡಿ, ಅಳೆದು, ಬರೆದುಕೊಂಡು ಹೋಗುವಷ್ಟು ಸಾವಕಾಶ ಬೇಕು. ಇದಕ್ಕಿಂತ ಕೆಟ್ಟದ್ದು ನಿಧಿಗಳ್ಳರ ಹಾವಳಿ. ಅಮಾವಾಸ್ಯೆಯ ರಾತ್ರಿ ಬಸವನ ಹೊಟ್ಟೆ ಒಡೆದು, ಗರ್ಭಗುಡಿಯ ನೆಲ ಕಿತ್ತು, ವೀರಗಲ್ಲನ್ನು ಉರುಳಿಸಿ ಹೋಗುವವರ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. 1958ರ ಕೇಂದ್ರ ಕಾಯಿದೆ, ರಾಜ್ಯದ 1961ರ ಕಾಯಿದೆ, 1962ರ ನಿಧಿ ಕಾಯಿದೆ ಎಲ್ಲವೂ ಇವೆ. ಕಾಯಿದೆಗೆ ಹಳ್ಳಿಯಲ್ಲಿ ಕಣ್ಣುಗಳಿಲ್ಲ, ಕಣ್ಣು ಊರವರದಾಗಬೇಕು.

ಆ ಕಣ್ಣನ್ನು ತೆರೆಸಬಲ್ಲವನು ದೂರದಿಂದ ಜೀಪಿನಲ್ಲಿ ಬಂದಿಳಿಯುವ ಅಧಿಕಾರಿಗಿಂತ ಊರಿನಲ್ಲೇ ಹುಟ್ಟಿ ಈ ವಿದ್ಯೆ ಕಲಿತ ಹುಡುಗ ಅಥವಾ ಹುಡುಗಿ. ನೆಲ ಅಗೆಯುವವರನ್ನು ಕಂಡರೆ ‘ಹೊನ್ನು ಸಿಕ್ಕಿತೆ?’ ಎಂದು ಕೇಳುವ ಊರಿಗೆ, ಮಕ್ಕಳು ಕುಂಟಬಿಲ್ಲೆ ಆಡಿದ ಬೋಕಿಯ ಬಿಲ್ಲೆಯೊಂದನ್ನು ತೋರಿಸಿ ‘ನಿಮ್ಮ ಮಕ್ಕಳು ಆಡುವ ಆಟವನ್ನೇ ಸಾವಿರಾರು ವರ್ಷದ ಹಿಂದಿನ ಮಕ್ಕಳೂ ಆಡಿದ್ದರು’ ಎಂದು ಅವನು ಹೇಳಿದರೆ ಜನ ನಂಬುತ್ತಾರೆ. ಅವನು ಬೀಗರ ಮನೆಯ ಹುಡುಗ, ನೆಂಟ, ನೆರೆಯವ. ಹೊಲದಲ್ಲಿ ಕಲ್ಲು ಸಿಕ್ಕಿದಾಗ ರೈತ ಮೊದಲು ಅವನಿಗೆ ಹೇಳಿ ಕಳುಹಿಸುತ್ತಾನೆ.

ಕೆಲಸ ಮುಗಿದಿಲ್ಲ ಎಂಬುದಕ್ಕೆ ತಾಳಗುಂದವೇ ಸಾಕ್ಷಿ. ಕದಂಬರ ಸ್ತಂಭಶಾಸನದಿಂದ ನೂರು ವರ್ಷಕ್ಕೂ ಮೇಲ್ಪಟ್ಟು ಪ್ರಸಿದ್ಧವಾದ, ವಿದ್ವಾಂಸರೆಲ್ಲ ನೋಡಿ ಮುಗಿಸಿದರೆಂದುಕೊಂಡ ಆ ಸ್ಥಳದಲ್ಲೇ 2013ರ ಸುಮಾರಿಗೆ ಸಿಂಹಕಟಾಂಜನದ ಶಾಸನ ಸಿಕ್ಕಿ, ಹಲ್ಮಿಡಿಗಿಂತ ಹಳೆಯ ಕನ್ನಡ ಅದರಲ್ಲಿದೆಯೇ ಎಂಬ ಚರ್ಚೆಗೆ ಎಡೆಮಾಡಿತು. ಅಷ್ಟು ಹೆಸರುವಾಸಿಯಾದ ಜಾಗದಲ್ಲೇ ಹೀಗಾದರೆ, ಯಾರೂ ಕಣ್ಣೆತ್ತಿ ನೋಡದ ಹೊಲಗಳಲ್ಲಿ ಏನಿದೆಯೋ! ಹೊನ್ನಾಳಿ, ಚನ್ನಗಿರಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಒಂದೊಂದು ಹಳ್ಳಿಯನ್ನೂ ಸುತ್ತಿ, ಇರುವ ವೀರಗಲ್ಲು, ಮಾಸ್ತಿಕಲ್ಲು, ಗೋರಿ, ದಿಬ್ಬಗಳನ್ನು ಪಟ್ಟಿಮಾಡಲು ಹತ್ತು ಜನ ಪದವೀಧರರು ಸಾಕು. ಪ್ರತಿಯೊಬ್ಬರಿಗೂ ಮರ್ಯಾದೆಯ ಸಂಬಳ ಕೊಟ್ಟರೂ ಒಂದು ರಸ್ತೆಗೆ ಡಾಂಬರು ಹಾಕುವ ಹಣ ಅದಕ್ಕೆ ಹಿಡಿಯಲಾರದು. ಮನೆಯ ಹಿರಿಯರು ಕೇಳಿದ ‘ಹೊಟ್ಟೆ ತುಂಬೀತೆ?’ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದದ್ದು ಮಗನೊಬ್ಬನೇ ಅಲ್ಲ. ಅವನು ಕಾಪಾಡಬೇಕಾದ ಸಂಪತ್ತಿಗೆ ವಾರಸುದಾರರಾದ ನಾವೆಲ್ಲರೂ ಹೇಳಬೇಕು.